ಬಿರಡೆ

ಚುನಾವಣೆ ಘೋಷಣೆಯಾದ ಮೂರನೇ ದಿನ ಠಾಣೆಯಿಂದ ಫೋನು:
‘ತಳೇಕರ್ರೇ, ಕೋವಿ ತಂದೊಪ್ಪಿಸಿ.’
ಹಳೇ ಪಂಚೆಯಲ್ಲಿ ಸುತ್ತಿ
ಜ್ವರದ ಮಕ್ಕಳನ್ನು ಆಸ್ಪತ್ರೆಗೊಯ್ಯುವ ಹಾಗೆ
ತೊಡೆಯ ಮೇಲಡ್ಡ ಮಲಗಿಸಿಕೊಂಡು
ಕೋಡಿಬಾಗದಿಂದ ರಿಕ್ಷಾದಲ್ಲಿ ಹೊರಟೆ.

ಮೂರು.
ಒಂದು ಬತ್ತಿಕೋವಿ. ಸದಾಶಿವಗಡದ ಕೆಳಗೆ
ಬಾವಿಯ ಹೂಳೆತ್ತುವಾಗ ಸಿಕ್ಕಿದ್ದು;
ನಳಿಗೆಯೊಳಗೊಂದು ಏಡಿ ಮನೆ ಮಾಡಿತ್ತು.
ಒಂದು ಚಕಮಕಿಯದು. ಕುದುರೆಯ ದವಡೆಯಲ್ಲಿ
ಕಲ್ಲಿನ ಚೂರು ಇನ್ನೂ ಕಚ್ಚಿಕೊಂಡೇ ಇದೆ,
ಉಗುಳಲೂ ಆಗದ ನುಂಗಲೂ ಆಗದ ಮಾತು.
ಮೂರನೆಯದು ಕೇಪಿನ ಕೋವಿ. ಅದರ ವಿಷಯ ಆಮೇಲೆ.

ರಿಜಿಸ್ಟರಿನ ಹಿಂದೆ ವಿಜಾಪುರ ಕಡೆಯ ಹುಡುಗಿ,
ಖಾಕಿಯ ಇಸ್ತ್ರಿ ಇನ್ನೂ ಮುರಿದಿಲ್ಲ.
‘ಹಾರತಾವೇನ್ರೀ ಇವು?’
ಇಲ್ಲ ತಾಯಿ, ಒರಗಿಕೊಂಡಿರುತ್ತವೆ.
ನಗಲಿಲ್ಲ. ನಂಬರು ಬರೆದಳು, ನಳಿಗೆ ಅಳೆದಳು,
ಷರಾ ಎಂಬಲ್ಲಿ ಒಂದು ಅಡ್ಡಗೀಟೆಳೆದು
ಗೋಣಿದಾರದಲ್ಲಿ ಚೀಟಿ ಕಟ್ಟಿದಳು.

ಚೀಲದ ತಳದಲ್ಲಿ ಉಳಿದವು:
ಚರೆಯ ತೊಗಲಚೀಲ, ಕಿವಿ ಬಿಡಿಸುವ ಸೂಜಿ,
ಒಂದು ಈಡಿಗೆಷ್ಟೋ ಅಷ್ಟೇ ಹಿಡಿಯುವ ಹಿತ್ತಾಳೆ ಬಟ್ಟಲು,
ಮತ್ತೆ ಇದು.
‘ಎಮ್ಮಿ ಕೋಡೇನ್ರೀ?’
ಮದ್ದಿನ ಕೊಂಬು.
‘ಆಯುಧ ಅಲ್ಲಲ್ಲ, ತಗೊಂಡು ಹೋಗ್ರಿ.’

ಆಯುಧ ಅಲ್ಲ. ಆದರೂ ಇದಿಲ್ಲದೆ ಆ ಮೂರೂ
ಬರೀ ಕೊಳವೆ. ಹಾಗಂತ ಹೇಳಲಿಲ್ಲ.

ಗೋವೆಯ ದಲಾಲಿಗಳು ನಿನ್ನೆಯ ಕೋಡನ್ನು
ಚಹಾದ ನೀರಲ್ಲಿ ಕುದಿಸಿ
ನೂರು ವರುಷ ಹಚ್ಚಿ ತರುತ್ತಾರೆ.
ಮೂಗಿಗೆ ಹಿಡಿದರೆ ಸಾಕು, ಸಕ್ಕರೆ ಕೂಡ ಗೊತ್ತಾಗುತ್ತದೆ.
ಇದರೊಳಗೆ ಗಂಧಕ, ಇದ್ದಿಲು, ಬೆವರು;
ಅದರ ಹಿಂದೆ, ಬಹಳ ಹಿಂದೆ, ಎಮ್ಮೆ.
ಶಂಖವಲ್ಲ ಇದು. ಕಿವಿಗಿಟ್ಟರೆ ಕಡಲು ಕೇಳುವುದಿಲ್ಲ.

ಮರದ ಬಿರಡೆ ನೋಡಿ.
ಒಂದು ಕೈಲಿ ಕೋವಿ, ಒಂದು ಕೈಲಿ ಕೊಂಬು,
ಬಿರಡೆ ಕೀಳುವುದಕ್ಕೆ ಹಲ್ಲೇ ಗತಿ.
ಎರಡು ಕುಳಿ ಬಿದ್ದಿವೆ. ನಡುವೆ
ಅಕ್ಕಿಕಾಳು ನಿಲ್ಲುವಷ್ಟು ಜಾಗ.

ಯಲ್ಲಾಪುರದಾಚೆಯಿಂದ ಬೆಳಗಿನ ಬಸ್ಸಿಗೆ ತಂದಿದ್ದ
ಇನಾಸ ಸಿದ್ದಿ. ಅಜ್ಜನ ಕೋವಿ, ಅಜ್ಜನ ಲೈಸೆನ್ಸು,
ಮಗಳ ಕಿವಿಯ ಆಪರೇಷನ್ನು.
ಕೋವಿಯ ಕಾಗದಕ್ಕೆ ಎಂಟು ತಿಂಗಳು ಹಿಡಿಯಿತು,
ಕೊಂಬಿಗೆ ಎಂಟು ನಿಮಿಷ.
ಎರಡು ಸಾವಿರ ಅಂದ.
ಕನ್ನಡಕ ಹಾಕಿದೆ, ತೆಗೆದೆ,
ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ
ಬುಡದ ಹತ್ತಿರ ಬಿರುಕಿದೆಯಲ್ಲೋ, ಎಂದೆ.
‘ಇರಬಹುದು ಸಾಯ್ಬಾ, ನನಗೇನು ಗೊತ್ತು’
ಅಂತ ಇನಾಸ ನಕ್ಕ.

ನಕ್ಕಾಗ ಕಂಡಿತು.
ಮುಂದಿನೆರಡು ಹಲ್ಲು. ನಡುವೆ
ಅಕ್ಕಿಕಾಳು ನಿಲ್ಲುವಷ್ಟು ಜಾಗ.

ಕಂಡ ಮೇಲೆಯೇ
ಇನ್ನೂರು ಮುರಿದು ಕೊಟ್ಟೆ.

ಈಗ ಮನೆಯ ಗೋಡೆಯಲ್ಲಿ ಆರು ಮೊಳೆ
ಏನನ್ನೂ ಎತ್ತಿಹಿಡಿಯದೆ ನಿಂತಿವೆ.
ಮತ ಎಣಿಸಿ ಮುಗಿದ ಮೇಲೆ ಕೋವಿಗಳು ಬರುತ್ತವೆ,
ಚೀಟಿ ಕಿತ್ತು, ಎಣ್ಣೆ ಒರೆಸಿ, ತೂಗುಹಾಕುತ್ತೇನೆ.
ಅಲ್ಲಿಯವರೆಗೆ ಊಟದ ಮೇಜಿನ ಮೇಲೆ
ಉಪ್ಪಿನ ಡಬ್ಬಿಯ ಪಕ್ಕ ಇದೊಂದೇ.

ರಾತ್ರಿ ಕರೆಂಟು ಹೋದಾಗ
ಯಾರೂ ನೋಡುವುದಿಲ್ಲವೆಂದು ಬಿರಡೆ ಕಚ್ಚಿ ನೋಡಿದೆ.
ನನ್ನವು ಕಟ್ಟಿಸಿದ ಹಲ್ಲು.
ಕುಳಿಗೆ ಕೂರಲಿಲ್ಲ, ಜಾರಿದವು.
ನಾಲಗೆಗೆ ಹತ್ತಿದ್ದು ಮಾತ್ರ ಖಾರವೋ ಕಹಿಯೋ
ಮೂರು ಲೋಟ ನೀರಿಗೂ ಹೋಗಲಿಲ್ಲ.

ಮೊಬೈಲಿನ ಬೆಳಕು ಹಚ್ಚಿ
ಬುಡದ ಸುತ್ತ ಬೆರಳಾಡಿಸಿದೆ, ಉಗುರಾಡಿಸಿದೆ.
ಸಂಗ್ರಹದ ನೋಟುಬುಕ್ಕಿನಲ್ಲಿ ನನ್ನದೇ ಅಕ್ಷರ:
‘ಕೊಂಬು ಒಂದು. ಬಿರುಕಿದೆ.’

ಎಲ್ಲಿದೆ?